ವರ್ಷ ತಡವಾಗಿ ಬಂದ ಕಾಗದ

ಮಕ್ಕಳೇ, ‘ದಿ ಲಿಟಲ್ ಪ್ರಿನ್ಸ್’ ಕಥೆ ನೀವು ಓದಿರಬಹುದು. ಅದನ್ನು ಬರೆದವರು ಫ್ರಾನ್ಸಿನ ವಿಮಾನ ಚಾಲಕ ಆಂತ್ವಾನ್ ದ ಸೇಂಟ್ ಎಕ್ಸುಪೆರಿ. ಅವರಿಗೆ ನಾಲ್ಕು ವರ್ಷ ತುಂಬುವ ಮೊದಲೇ ತಂದೆ ತೀರಿಕೊಂಡರು. ಐವರು ಮಕ್ಕಳ ಭಾರ ತಾಯಿಯ ಮೇಲೆ ಬಿತ್ತು. ಶಾಲೆಯ ದಿನಗಳಿಂದಲೂ ಆಂತ್ವಾನ್ ಅಮ್ಮನಿಗೆ ಕಾಗದ ಬರೆಯುತ್ತಿದ್ದರು. ನಡುನಡುವೆ ಚಿತ್ರವನ್ನೂ ಬಿಡಿಸುತ್ತಿದ್ದರು.

ಎರಡನೇ ಮಹಾಯುದ್ಧದಲ್ಲಿ ಜರ್ಮನಿ ಫ್ರಾನ್ಸನ್ನು ಆಕ್ರಮಿಸಿತು. 1944ರಲ್ಲಿ ಆಂತ್ವಾನ್‌ಗೆ 44 ವರ್ಷ. ಯುದ್ಧವಿಮಾನ ಹಾರಿಸುವ ವಯಸ್ಸು ಮೀರಿತ್ತು. ಆದರೂ ಹಟ ಹಿಡಿದು, ಕಾರ್ಸಿಕಾ ದ್ವೀಪದಿಂದ ಹಾರಿ ಶತ್ರುನೆಲೆಗಳ ಫೋಟೊ ತೆಗೆದು ತರುತ್ತಿದ್ದರು. ಅಮ್ಮ ಇದ್ದದ್ದು ಸಮುದ್ರದಾಚೆ, ಶತ್ರುಗಳ ಹಿಡಿತದಲ್ಲಿದ್ದ ನೆಲದಲ್ಲಿ. ಕಾಗದ ತಲುಪುವುದೇ ಕಷ್ಟ. ಆದರೂ ಜುಲೈನಲ್ಲಿ ಬರೆದರು: ತಾನು ಕ್ಷೇಮ, ಅಮ್ಮನನ್ನು ನೋಡದೆ ಬಹಳ ಕಾಲವಾಯಿತೆಂಬುದೇ ದುಃಖ ಎಂದು.

ಜುಲೈ 31ರಂದು ಹಾರಿದ ಅವರ ವಿಮಾನ ಮರಳಲಿಲ್ಲ. ‘ಕ್ಷೇಮ’ ಎಂದ ಆ ಕಾಗದ ತಾಯಿಯ ಕೈಸೇರಿದ್ದು 1945ರ ಜುಲೈನಲ್ಲಿ!

ಮಗನ ಕಾಗದಗಳನ್ನು ತಾಯಿ ಜೋಪಾನವಾಗಿ ಇಟ್ಟುಕೊಂಡಿದ್ದರು. 1955ರಲ್ಲಿ ಅವು ಪುಸ್ತಕವಾದವು. ವಿಮಾನದ ಅವಶೇಷ ಮಾರ್ಸೇಲ್ಸ್ ಬಳಿಯ ಸಮುದ್ರದಲ್ಲಿ ಸಿಕ್ಕಿದ್ದು 2000ದಲ್ಲಿ. ಅಷ್ಟರಲ್ಲಿ ಆ ತಾಯಿ ಇರಲಿಲ್ಲ.

ನಿಮ್ಮ ಮನೆಯಲ್ಲೂ ಹಳೆಯ ಕಾಗದಗಳಿರಬಹುದು. ಅಜ್ಜಿಯನ್ನು ಕೇಳಿ, ಓದಿಸಿಕೊಳ್ಳಿ.