ನೆಲವೇ ಹಾಸಾದ ಗುಡಾರ

ಮನೆಗೆ ನೆಲ, ಗೋಡೆ, ಮಾಳಿಗೆ ಎಂಬ ಮೂರು ಅಂಗಗಳುಂಟು. ಗೋಡೆ ಮಾಳಿಗೆಗಳೆರಡನ್ನೂ ಒಂದೇ ಹೊದಿಕೆಯಲ್ಲಿ ಅಡಗಿಸಿ, ನೆಲಕ್ಕಾಗಿ ಭೂಮಿಯನ್ನೇ ನಂಬಿದ ವಸತಿಯೇ ಟೀಪಿ ಎಂಬ ಶಂಕುವಿನಾಕಾರದ ಗುಡಾರ. ಇದು ಉತ್ತರ ಅಮೆರಿಕದ ಬಯಲು ಸೀಮೆಯ ಮೂಲನಿವಾಸಿಗಳ ನಿರ್ಮಾಣ. ಬೈಸನ್ ಎಂಬ ಮೃಗದ ಹಿಂಡುಗಳನ್ನು ಹಿಂಬಾಲಿಸಿ ಬೇಟೆಯಾಡುತ್ತಿದ್ದ ಆ ಜನರು, ಉದ್ದವಾದ ಗಳುಗಳನ್ನು ತುದಿಯಲ್ಲಿ ಕೂಡಿಸಿ ನಿಲ್ಲಿಸಿ, ಆ ಮೃಗದ ತೊಗಲನ್ನೇ ಅವುಗಳಿಗೆ ಹೊದಿಸುತ್ತಿದ್ದರು. ನಡುವೆ ಒಲೆ, ನೆತ್ತಿಯಲ್ಲಿ ಹೊಗೆಗಂಡಿ. ಆ ಗಂಡಿಯ ಎರಡು ರೆಕ್ಕೆಗಳನ್ನು ಗಾಳಿಯ ದಿಕ್ಕಿಗೆ ತಕ್ಕಂತೆ ಹೊರಗಿನ ಗಳುಗಳಿಂದ ತಿರುಗಿಸಬಹುದಾಗಿತ್ತು. ಇದರಿಂದ ಪ್ರೇರಿತನಾಗಿ ಅಮೆರಿಕದ ಸೈನ್ಯಾಧಿಕಾರಿ ಹೆನ್ರಿ ಸಿಬ್ಲಿಯು ನಡುಗಂಬವೊಂದರ ಮೇಲೆ ನಿಲ್ಲುವ ಡೇರೆಯನ್ನು ರಚಿಸಿ 1856ರಲ್ಲಿ ಪೇಟೆಂಟ್ ಪಡೆದನು. ಇಂದು ಆ ದೇಶದ ಬೇಟೆಗಾರರು ಬೆನ್ನ ಮೇಲೆ ಹೊತ್ತು ಬೆಟ್ಟವೇರುವ ಹಗುರಾದ ನೈಲಾನ್ ಗುಡಾರವು ಇದೇ ಸಂತತಿಯದು.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ಬೇಟೆಯ ಮಾತಿಗೆ ಆಸ್ಪದವಿಲ್ಲ. ಆದರೆ ಬಯಲಿನಲ್ಲಿ ರಾತ್ರಿ ಕಳೆಯುವವರು ನಮ್ಮಲ್ಲಿಯೂ ಇದ್ದಾರೆ. ಕುರಿ ಹಿಂಡಿನೊಡನೆ ಹೊಲದಿಂದ ಹೊಲಕ್ಕೆ ಹೋಗುವ ಕುರುಬರು, ಕಬ್ಬು ಕಡಿಯಲು ದೂರ ಹೋಗುವ ತಾಂಡಾಗಳ ಕುಟುಂಬಗಳು, ಶಿಬಿರಕ್ಕೆ ಹೊರಡುವ ಬಾಲಚರರು, ಇವರೆಲ್ಲರ ಗುಡಾರ ಗುಡಿಸಲುಗಳಿಗೂ ಭೂಮಿಯೇ ಹಾಸು. ಆದುದರಿಂದ ಈ ವಿಷಯವು ನಮಗೆ ಪರಕೀಯವಲ್ಲ.

ಈ ಆಕಾರದ ಗುಣವನ್ನರಿಯಲು ಮಳೆಯಲ್ಲಿ ನಿಂತ ಕುರುಬನನ್ನು ನೋಡಿದರೆ ಸಾಕು. ಅವನು ಕಂಬಳಿಯನ್ನು ಕೊಪ್ಪೆ ಮಾಡಿ ತಲೆಯಿಂದ ಇಳಿಬಿಡುತ್ತಾನೆ. ನೆತ್ತಿಯಲ್ಲಿ ಚೂಪು, ಬುಡದಲ್ಲಿ ಅಗಲ. ಅದರ ಮೇಲೆ ನೀರು ನಿಲ್ಲದೆ ಜಾರುವುದು. ನೆಟ್ಟಗಿನ ಗೋಡೆಯಿಲ್ಲದ್ದರಿಂದ ಗಾಳಿಯು ತಾಕಿಯೂ ಸರಿದುಹೋಗುವುದು. ಹಾಸು ಇಲ್ಲದಿರುವುದರಿಂದ ಭಾರ ಕಡಿಮೆ. ಕೆಸರುಗಾಲಿನಿಂದ ಒಳಬಂದರೂ ಕೆಡುವ ಬಟ್ಟೆಯಿಲ್ಲ.

ಆದರೆ ಹಾಸಿಲ್ಲದ ಗುಡಾರದ ಯೋಗ್ಯತೆಯು ಅದರ ಕೆಳಗಿನ ಭೂಮಿಯ ಯೋಗ್ಯತೆಯೇ ಆಗಿದೆ. ಜಹೀರಾಬಾದದ ಕೆಂಪು ಜಂಬಿಟ್ಟಿಗೆ ನೆಲವು ನೀರನ್ನು ಬೇಗನೆ ಇಂಗಿಸುತ್ತದೆ. ಗೂಟವು ಕಷ್ಟದಿಂದ ಇಳಿದರೂ ಬಿಗಿಯಾಗಿ ನಿಲ್ಲುತ್ತದೆ. ನಾರಾಯಣಖೇಡದ ಕಡೆಯ ಎರೆಹೊಲದಲ್ಲಾದರೋ, ಮಳೆ ಬಿದ್ದೊಡನೆ ಮಣ್ಣು ಉಬ್ಬಿ ಮೆತ್ತಗಾಗಿ ಗೂಟ ಸಡಿಲುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಚೇಳು ಹಾವುಗಳಿಗೆ ಆಶ್ರಯವಾಗುತ್ತದೆ. ತಾಂಡೂರಿನ ಹಾಸುಗಲ್ಲಿನ ಮೇಲೆ ಗೂಟವೇ ಇಳಿಯದು. ಅಲ್ಲಿ ಹಗ್ಗವನ್ನು ಭಾರವಾದ ಕಲ್ಲುಗಳಿಗೆ ಬಿಗಿಯಬೇಕು. ಎಲ್ಲಿಯೇ ಆಗಲಿ, ಹಳ್ಳದ ಪಾತ್ರವನ್ನೂ ತಗ್ಗನ್ನೂ ಬಿಟ್ಟು, ತುಸು ಎತ್ತರವಾಗಿ ನೀರು ಹರಿದುಹೋಗುವ ಸ್ಥಳವನ್ನು ಹಗಲಿನಲ್ಲಿಯೇ ಆರಿಸಿಕೊಳ್ಳತಕ್ಕದ್ದು. ಒಂಟಿ ಮರದ ಕೆಳಗೆ ಗುಡಾರ ಹಾಕಿದರೆ ಸಿಡಿಲಿನ ಭಯ.

ಇನ್ನು ಪ್ರಾಣಕ್ಕೆ ಸಂಬಂಧಿಸಿದ ಎರಡು ಮಾತುಗಳು. ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಡಿದು ಸತ್ತವರ ಸಂಖ್ಯೆ ಸುಮಾರು 12 ಲಕ್ಷವೆಂದು ವಿದ್ವಾಂಸರು ಅಂದಾಜು ಮಾಡಿದ್ದಾರೆ. ಅಂದರೆ ವರ್ಷಕ್ಕೆ ಸರಾಸರಿ 58,000. ಇವುಗಳಲ್ಲಿ ನೆಲದ ಮೇಲೆ ಮಲಗುವವರಿಗೆ ವಿಶೇಷವಾಗಿ ಅಪಾಯಕಾರಿಯಾದುದು ಕಟ್ಟುಹಾವು. ಅದು ರಾತ್ರಿ ಸಂಚಾರಿ. ಅದರ ಕಡಿತವು ಎಷ್ಟೋ ಸಾರಿ ನೋಯುವುದೂ ಇಲ್ಲ, ಗುರುತೂ ಕಾಣುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಜೋಲುವುದು, ನುಂಗಲಾಗದಿರುವುದು ಕಂಡರೆ ಸಂಶಯಪಡಬೇಕು. ಹೊರಸಿನ ಮೇಲೆ ಮಲಗುವುದು ಉತ್ತಮ. ಅದಿಲ್ಲದಿದ್ದರೆ ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸುತ್ತಲೂ ಬಿಗಿಯಾಗಿ ಸೇರಿಸಬೇಕು. ಕಾಳುಕಡಿಗಳನ್ನು ಒಳಗಿಟ್ಟರೆ ಇಲಿ ಬರುವುದು, ಇಲಿಯ ಹಿಂದೆ ಹಾವು ಬರುವುದು. ಕಡಿತವಾದಲ್ಲಿ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಮಂತ್ರಿಸುವುದು ಇವಾವುದಕ್ಕೂ ಹೊತ್ತು ಕಳೆಯದೆ, ಕಡಿದ ಅಂಗವನ್ನು ಅಲುಗಾಡಿಸದೆ, ಪ್ರತಿವಿಷದ ಚುಚ್ಚುಮದ್ದು ದೊರೆಯುವ ಆಸ್ಪತ್ರೆಗೆ ಒಡನೆಯೇ ಒಯ್ಯಬೇಕು.

ಎರಡನೆಯದು ಬೆಂಕಿ. ಟೀಪಿಯೊಳಗೆ ಒಲೆಯುಂಟೆಂದು ಕೇಳಿ, ಹೊಗೆಗಂಡಿಯಿಲ್ಲದ ನಮ್ಮ ಡೇರೆಯಲ್ಲಿ ಚಳಿಗಾಗಿ ಇದ್ದಿಲ ಅಗ್ಗಿಷ್ಟಿಕೆಯನ್ನಿಟ್ಟು ಮಲಗಬಾರದು. ಅದರಿಂದೇಳುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ರಿಸುವವನು ನಿದ್ರೆಯಲ್ಲಿಯೇ ಅಸುನೀಗುತ್ತಾನೆ. ಅಡಿಗೆಯೂ ಬೆಂಕಿಯೂ ಹೊರಗೇ ಇರಲಿ.

ಬೈಸನ್ ಬೇಟೆಗಾರರಿಗೂ ನಮ್ಮ ಕುರುಬರಿಗೂ ಸಾಮಾನ್ಯವಾದ ವಿದ್ಯೆಯೊಂದಿದೆ. ಅದು ಮಲಗುವ ಮೊದಲು ನೆಲವನ್ನು ಓದುವ ವಿದ್ಯೆ. ಶಿಬಿರಕ್ಕೆ ಹೊರಡುವ ನಮ್ಮ ವಿದ್ಯಾರ್ಥಿಗಳು ಅದನ್ನು ಊರ ಹಿರಿಯ ಕುರುಬರಿಂದ ಕೇಳಿ ಕಲಿಯಲಿ. ಅವರನ್ನು ಕಳುಹಿಸುವ ಶಾಲೆಯವರು, ಗುಡಾರದೊಡನೆ ತಲೆಗೊಂದು ಸೊಳ್ಳೆಪರದೆಯನ್ನೂ, ಪ್ರತಿವಿಷ ದೊರೆಯುವ ಸಮೀಪದ ಆಸ್ಪತ್ರೆಯ ಹೆಸರನ್ನೂ ಜೊತೆಗೆ ಕೊಟ್ಟು ಕಳುಹಿಸಲಿ.