ಗೆಲುವಿನ ಪುಸ್ತಕವೂ ಮಳೆಯ ಲೆಕ್ಕವೂ

'ಮನಸ್ಸಿದ್ದರೆ ಮಾರ್ಗ' ಎಂಬ ಗಾದೆಯನ್ನು ಹಿಗ್ಗಿಸಿದರೆ ಯಶಸ್ಸಿನ ಪುಸ್ತಕವಾಗುತ್ತದೆ. ಇಂಥ ಪುಸ್ತಕಗಳಿಗೆ ಹೆಸರು ತಂದುಕೊಟ್ಟದ್ದು ಸ್ಯಾಮ್ಯುಯೆಲ್ ಸ್ಮೈಲ್ಸ್ ಅವರ 'ಸೆಲ್ಫ್ ಹೆಲ್ಪ್' (1859). 1936ರಲ್ಲಿ ಅಮೆರಿಕದ ಡೇಲ್ ಕಾರ್ನೆಗಿ ಜನರ ಮನಗೆಲ್ಲುವ ಉಪಾಯ ಬರೆದರು. ಕನ್ನಡದಲ್ಲಿ ಸ್ವಾಮಿ ಜಗದಾತ್ಮಾನಂದರ 'ಬದುಕಲು ಕಲಿಯಿರಿ' ಮನೆಮಾತಾಯಿತು. ಇವೆಲ್ಲ ಒತ್ತಿ ಹೇಳುವುದು ಆತ್ಮವಿಶ್ವಾಸವನ್ನು.

ಆದರೆ ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯಲ್ಲಿ ಮಳೆ ನಂಬಿ ಈರುಳ್ಳಿ ಹಾಕಿದ ರೈತನ ಗೆಲುವು ಅವನೊಬ್ಬನ ಕೈಯಲ್ಲಿಲ್ಲ. ಎಷ್ಟೇ ದುಡಿದರೂ ಮಳೆ ಹಿಂದೆಗೆಯಬಹುದು, ಪೇಟೆಯಲ್ಲಿ ಧಾರಣೆ ಕುಸಿಯಬಹುದು. ಸೋತವನದೇ ತಪ್ಪೆಂಬ ಉಪದೇಶ ಆಗ ಗಾಯದ ಮೇಲೆ ಬರೆ ಎಳೆದಂತೆ.

ಡಿ.ವಿ.ಜಿ.ಯವರ 'ಮಂಕುತಿಮ್ಮನ ಕಗ್ಗ' (1943) ಬೇರೆ ದಾರಿ ಹಿಡಿಯುತ್ತದೆ. ಗೆಲುವಿನ ಭರವಸೆ ಕೊಡದೆ, ಸೋಲಿನಲ್ಲೂ ಬಾಳುವ ಧೈರ್ಯ ತುಂಬುತ್ತದೆ. ಬಿತ್ತುವಾಗ ಯಶಸ್ಸಿನ ಪುಸ್ತಕ ಹುರುಪು ಕೊಟ್ಟೀತು. ಬೆಳೆ ಕೈಕೊಟ್ಟಾಗ ಆಸರೆಯಾಗುವುದು ಕಗ್ಗವೇ.