ಗಡ್ಡೆ ಏಕೆ ಊದುತ್ತದೆ, ಏಕೆ ಇಳಿಯುತ್ತದೆ?

ರೇಷ್ಮೆ ಸೊಪ್ಪು ಕೊಯ್ಯುವಾಗ ಕುಡುಗೋಲು ತಾಗಿ ಬೆರಳು ಕೀವಾದರೆ, ಎರಡು ಮೂರು ದಿನದಲ್ಲಿ ಅದೇ ಕೈಯ ಕಂಕುಳಲ್ಲಿ ಗಡ್ಡೆ ಕಟ್ಟುತ್ತದೆ. ಕಾಲಿಗೆ ಮುಳ್ಳು ಚುಚ್ಚಿದರೆ ತೊಡೆಸಂದಿನಲ್ಲಿ, ಗಂಟಲು ನೋವಾದರೆ ಕುತ್ತಿಗೆಯಲ್ಲಿ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯಿಂದ ಬರುವವರು ಅದನ್ನು ಮುಟ್ಟಿ ತೋರಿಸಿ, "ಸಿಸ್ಟರ್, ಇದು ಕ್ಯಾನ್ಸರಾ?" ಎಂದು ಕೇಳುತ್ತಾರೆ. ಹೆಚ್ಚಿನ ವೇಳೆ ಅಲ್ಲ. ಆದರೆ ಯಾವಾಗ ಧೈರ್ಯವಾಗಿರಬಹುದು, ಯಾವಾಗ ತಡ ಮಾಡಬಾರದು ಎಂಬುದು ನಿಮಗೆ ತಿಳಿದಿರಬೇಕು.

ಈ ಗಡ್ಡೆಗಳು ಹೊಸದಾಗಿ ಹುಟ್ಟಿದವಲ್ಲ. ಇವು ಎಲ್ಲರ ದೇಹದಲ್ಲೂ ಇರುವ ದುಗ್ಧರಸ ಗ್ರಂಥಿಗಳು. ಇವುಗಳೊಳಗೆ ರೋಗದೊಡನೆ ಹೋರಾಡುವ ಬಿಳಿ ರಕ್ತಕಣಗಳು ತುಂಬಿರುತ್ತವೆ. ಪ್ರತಿ ಕಣದ ಮೈಮೇಲೂ ಗ್ರಾಹಿಗಳಿವೆ. ವೈದ್ಯರು ಇವನ್ನು ರಿಸೆಪ್ಟರ್ ಎನ್ನುತ್ತಾರೆ. ಒಂದು ಕಣದ ಗ್ರಾಹಿ ತನಗೆ ಹೊಂದುವ ರೋಗಾಣುವಿನ ಗುರುತನ್ನು ಮಾತ್ರ ಹಿಡಿಯುತ್ತದೆ. ಹಿಡಿದ ಮೇಲೆ, ಬೆಳೆಯಲು ಹೇಳುವ ರಾಸಾಯನಿಕವೂ ಸಿಕ್ಕರೆ, ಆ ಕಣ ಎರಡಾಗಿ, ನಾಲ್ಕಾಗಿ ಒಡೆಯುತ್ತಾ ಹೋಗುತ್ತದೆ. ಹತ್ತು ಸಲ ಒಡೆದರೆ ಒಂದು ಕಣ 1,024 ಆಗುತ್ತದೆ. ಗಡ್ಡೆ ಊದುವುದು ಹೀಗೆ.

ಇಳಿಯುವುದು ಇನ್ನೂ ವಿಚಿತ್ರ. ರೋಗಾಣು ನಾಶವಾದ ಮೇಲೆ ಬೆಳೆಯುವ ಸೂಚನೆ ಕಡಿಮೆಯಾಗುತ್ತದೆ. ಆಗ ಹೆಚ್ಚಿದ ಕಣಗಳಲ್ಲಿ 100ಕ್ಕೆ 90ಕ್ಕೂ ಮೇಲ್ಪಟ್ಟು ತಾವಾಗಿಯೇ ಸಾಯುತ್ತವೆ. ಉಳಿದ ಕೆಲವು ಆ ರೋಗದ ನೆನಪಿಟ್ಟುಕೊಳ್ಳುತ್ತವೆ.

ಕೃಷಿಮೇಳಕ್ಕೆಂದು ನಿಮ್ಮಲ್ಲಿ ಹಲವರು ಬೆಂಗಳೂರಿನ ಜಿಕೆವಿಕೆಗೆ ಹೋಗಿರುತ್ತೀರಿ. ಅದೇ ಆವರಣದಲ್ಲಿ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಕೇಂದ್ರವಿದೆ. ಯಾವ ಕಣ ಸಾಯಬೇಕು, ಯಾವುದು ಬದುಕಬೇಕು ಎಂಬುದನ್ನೇ ಅಲ್ಲಿ ಅಧ್ಯಯನ ಮಾಡಿದವರು ಡಾ. ಅಪೂರ್ವ ಸರಿನ್. ಹೋರಾಟ ಮುಗಿದ ಮೇಲೆ ಉಳಿದ ಕಣಗಳನ್ನು ಹತೋಟಿಗೆ ತರುವ ಕಣಗಳೂ ನಮ್ಮಲ್ಲಿವೆ. ಬೆಳೆಯುವ ಸೂಚನೆ ನಿಂತಾಗಲೂ ಇವು ಬದುಕಿರಬೇಕು, ಇಲ್ಲದಿದ್ದರೆ ಕೆಲಸ ಮಾಡುವವರು ಯಾರು? ಇವನ್ನು ಕಾಪಾಡುವುದು 'ನಾಚ್' ಎಂಬ ಗ್ರಾಹಿ ಎಂದು ಅವರ ತಂಡ ಇಲಿಗಳ ಕಣಗಳಲ್ಲಿ ಕಂಡುಕೊಂಡು 2012ರಲ್ಲಿ ಪ್ರಕಟಿಸಿತು. (ನಾಚ್ ಎಂದರೆ ಕಚ್ಚು. ಈ ಗ್ರಾಹಿಯ ವಂಶವಾಹಿ ಕೆಟ್ಟ ಹಣ್ಣುನೊಣದ ರೆಕ್ಕೆಯಂಚಿನಲ್ಲಿ ಕಚ್ಚು ಕಂಡದ್ದರಿಂದ ಬಂದ ಹೆಸರು.)

ಕಾಪಾಡುವ ಇದೇ ಗ್ರಾಹಿ ತಪ್ಪದಾರಿ ಹಿಡಿದರೆ ಅಪಾಯ. ಟಿ-ಕಣಗಳ ಒಂದು ಬಗೆಯ ತೀವ್ರ ರಕ್ತಕ್ಯಾನ್ಸರಿನಲ್ಲಿ ಅರ್ಧಕ್ಕಿಂತ ಹೆಚ್ಚು ರೋಗಿಗಳಿಗೆ ನಾಚ್ ವಂಶವಾಹಿಯಲ್ಲಿ ದೋಷವಿರುತ್ತದೆಂದು 2004ರಲ್ಲಿ ತಿಳಿದುಬಂತು. ಸೂಚನೆ ನಿಲ್ಲುವುದೇ ಇಲ್ಲ, ಕಣ ಬೆಳೆಯುತ್ತಲೇ ಇರುತ್ತದೆ.

ಆದ್ದರಿಂದ ನಾವು ಮೊದಲು ಕೇಳುವುದು ಗಡ್ಡೆ ಎಷ್ಟು ದೊಡ್ಡದು ಎಂದಲ್ಲ, ಎಷ್ಟು ದಿನವಾಯಿತು ಎಂದು. ಗಾಯ ವಾಸಿಯಾಗಿ ಮೂರು ವಾರ ಕಳೆದರೂ ಇಳಿಯದಿದ್ದರೆ, ಬೆಳೆಯುತ್ತಿದ್ದರೆ, ಗಟ್ಟಿಯಾಗಿ ಅಲುಗಾಡದಿದ್ದರೆ, ಕಾರಣವಿಲ್ಲದೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು ಕಂಡರೆ ಬಂದು ತೋರಿಸಿ. ಕತ್ತಿನ ಬುಡದ ಮೂಳೆಯ ಮೇಲೆ ಗಡ್ಡೆ ಕಂಡರೆ ಮೂರು ವಾರವೂ ಕಾಯಬೇಡಿ. ಇದು ಕ್ಷಯವೂ ಆಗಿರಬಹುದು. ಅದಕ್ಕೆ ಪೂರ್ತಿ ವಾಸಿಯಾಗುವ ಔಷಧಿ ಇದೆ.

"ಸೂಜಿ ಹಾಕಿದರೆ ಹರಡುತ್ತದಂತೆ" ಎಂದು ಪರೀಕ್ಷೆ ಬೇಡವೆಂದು ಹೊರಟುಹೋಗುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸೂಜಿಯಿಂದ ತೆಗೆದ ಕಣ ಅಥವಾ ಗಡ್ಡೆಯ ತುಣುಕನ್ನು ನೋಡಿಯೇ ರೋಗ ಯಾವುದೆಂದು ಹೇಳಬೇಕು. ಲಿಂಫೋಮಾ ಎಂದಾದರೆ ಕಣದ ಮೈಮೇಲೆ ಯಾವ ಗುರುತಿದೆ ಎಂದೂ ನೋಡುತ್ತಾರೆ. ಸಿಡಿ20 ಎಂಬ ಗುರುತು ಇದ್ದರೆ ಅದನ್ನೇ ಹುಡುಕಿ ಹಿಡಿಯುವ ರಿಟುಕ್ಸಿಮ್ಯಾಬ್ ಎಂಬ ಔಷಧಿ ಇದೆ.

ಇನ್ನೊಂದು ಮಾತು. ಅಂಗಡಿಯಲ್ಲಿ ಕೇಳಿ ಸ್ಟೆರಾಯ್ಡ್ ಮಾತ್ರೆ ನುಂಗಬೇಡಿ. ಲಿಂಫೋಮಾ ಗಡ್ಡೆಯೂ ಅದರಿಂದ ಕೆಲವು ದಿನ ಕುಗ್ಗುತ್ತದೆ. ಆಗ ಪರೀಕ್ಷೆಯಲ್ಲಿ ರೋಗ ಸಿಗದೆ ಹೋಗಬಹುದು. ಈಗಾಗಲೇ ನುಂಗಿದ್ದರೆ ಮುಚ್ಚಿಡದೆ ಹೇಳಿ, ಯಾರೂ ಬೈಯುವುದಿಲ್ಲ. ಬರುವಾಗ ಹಳೆಯ ಚೀಟಿ, ಮಾತ್ರೆಯ ಖಾಲಿ ಪಟ್ಟಿ ತನ್ನಿ. ಗಡ್ಡೆ ಮೊದಲು ಕೈಗೆ ಸಿಕ್ಕ ದಿನವನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.